ನಿಮಗಿದು ಗೊತ್ತೇ? ಸಾವಿರ ಯಂತ್ರ, ಒಂದೇ ಕಮಾಂಡ್

ಒಂದು ಕಂಪ್ಯೂಟರಿನಲ್ಲಿ ಹಿಡಿಸದಷ್ಟು ಕಡತಗಳನ್ನು ನೂರಾರು ಯಂತ್ರಗಳ ಮೇಲೆ ಹಂಚಿಟ್ಟು, ಬಳಸುವವರಿಗೆ ಎಲ್ಲವೂ ಒಂದೇ ಕಡೆ ಇರುವಂತೆ ತೋರಿಸುವ ತಂತ್ರಾಂಶವೇ ಡಿಸ್ಟ್ರಿಬ್ಯೂಟೆಡ್ ಫೈಲ್ ಸಿಸ್ಟಮ್. ಅದನ್ನು ನೋಡಿಕೊಳ್ಳುವ ಅಡ್ಮಿನ್‌ಗಳು ಇಂದಿಗೂ ನೆಚ್ಚಿಕೊಂಡಿರುವುದು ಕಮಾಂಡ್ ಲೈನನ್ನೇ. ಈ ವಿದ್ಯೆಗೆ ಚೆನ್ನೈಯ ನಂಟೂ ಇದೆ, ಬೆಂಗಳೂರಿನ ನಂಟೂ ಇದೆ. ಯಂತ್ರ ಕೆಟ್ಟರೂ ಕಡತ ಕೆಡಬಾರದು ಎಂಬ ಹಟದಿಂದ ಹುಟ್ಟಿದ ಈ ಲೋಕದಲ್ಲಿ ಕಡತದ ಅಳಿವು ಉಳಿವು ಕೊನೆಗೆ ಕೀಬೋರ್ಡಿನ ಮುಂದೆ ಕುಳಿತವರ ಕೈಯಲ್ಲೇ ಇದೆ.

ಮದ್ರಾಸಿನಿಂದ ಹೊರಟವರು

1. 1959ರಲ್ಲಿ ಆರಂಭವಾದ ಐಐಟಿ ಮದ್ರಾಸಿಗೆ 1973ರಲ್ಲಿ ಐಬಿಎಂ 370/155 ಎಂಬ ದೊಡ್ಡ ಕಂಪ್ಯೂಟರ್ ಬಂತು. ಆ ಕಾಲಕ್ಕೆ ದೇಶದ ದೊಡ್ಡ ಯಂತ್ರಗಳಲ್ಲಿ ಅದೂ ಒಂದು. ಅದೇ ವರ್ಷಗಳಲ್ಲಿ ಅಲ್ಲಿ ಓದುತ್ತಿದ್ದವರು ಮಹಾದೇವ್ ಸತ್ಯನಾರಾಯಣನ್. 1975ರಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಬಿ.ಟೆಕ್., 1977ರಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್. ಮುಗಿಸಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಹೋದರು.

2. ಕಾರ್ನೆಗಿ ಮೆಲನ್ ಮತ್ತು ಐಬಿಎಂ ಒಟ್ಟಾಗಿ ನಡೆಸಿದ ಆಂಡ್ರ್ಯೂ ಯೋಜನೆಯಲ್ಲಿ ಎಎಫ್‌ಎಸ್, ಅಂದರೆ ಆಂಡ್ರ್ಯೂ ಫೈಲ್ ಸಿಸ್ಟಮ್ ರೂಪುಗೊಂಡಿತು. ಅದರ ಮುಖ್ಯ ಶಿಲ್ಪಿಗಳಲ್ಲಿ ಸತ್ಯನಾರಾಯಣನ್ ಒಬ್ಬರು. ವಿದ್ಯಾರ್ಥಿ ಕ್ಯಾಂಪಸ್ಸಿನ ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಕಡತಗಳು ಕೈಗೆ ಸಿಗಬೇಕು, 5,000ಕ್ಕೂ ಹೆಚ್ಚು ಯಂತ್ರಗಳು ಸೇರಿಕೊಂಡರೂ ವ್ಯವಸ್ಥೆ ಕುಸಿಯಬಾರದು ಎಂಬುದು ಅವರ ಗುರಿ. ಇದು 1980ರ ದಶಕದ ಮೊದಲ ಭಾಗದ ಮಾತು.

3. ಎಎಫ್‌ಎಸ್ ಕಟ್ಟಿದ ಸತ್ಯನಾರಾಯಣನ್ ಮತ್ತು ಅವರ ಏಳು ಜೊತೆಗಾರರಿಗೆ 2016ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಸಂದಿತು. ಕೆಲಸ ಶುರುವಾಗಿ ಮೂರು ದಶಕ ಕಳೆದ ಮೇಲೂ ಅದರ ವಿಚಾರಗಳು ಬಳಕೆಯಲ್ಲಿದ್ದವು. ಐಬಿಎಂ 2000ದಲ್ಲಿ ಇದರ ಮೂಲ ಸಂಕೇತವನ್ನು ಬಿಟ್ಟುಕೊಟ್ಟಿತು. ಅದೇ ಇಂದಿನ ಓಪನ್‌ಎಎಫ್‌ಎಸ್.

ಎಎಫ್‌ಎಸ್ ಕಲಿಸಿದ ಪಾಠಗಳು

4. ಮೊದಲ ಮಾದರಿಯಲ್ಲಿ ಕಡತ ತೆರೆದಾಗಲೆಲ್ಲ ಬಳಕೆದಾರರ ಯಂತ್ರವು ‘ನನ್ನ ಬಳಿ ಇರುವ ಪ್ರತಿ ಇನ್ನೂ ಹೊಸದೇ ತಾನೆ?’ ಎಂದು ಸರ್ವರನ್ನು ಕೇಳುತ್ತಿತ್ತು. ಸರ್ವರಿನ ಶ್ರಮದಲ್ಲಿ ಬಹುಪಾಲು ಇಂಥ ವಿಚಾರಣೆಗೇ ಹೋಗುತ್ತಿತ್ತು. ಮುಂದಿನ ಆವೃತ್ತಿಯಲ್ಲಿ ಕ್ರಮ ತಲೆಕೆಳಗಾಯಿತು. ಕಡತ ಬದಲಾದರೆ ತಾನೇ ತಿಳಿಸುವುದಾಗಿ ಸರ್ವರ್ ಮಾತು ಕೊಟ್ಟಿತು, ಪದೇ ಪದೇ ಕೇಳುವುದು ನಿಂತಿತು. ಕಾಲ್‌ಬ್ಯಾಕ್ ಎಂದರೆ ಇದೇ.

5. ಸರ್ವರ್ ತುಂಬಿ ಹೋದರೆ ಅದರ ಕಡತಗಳನ್ನು ಬಳಕೆದಾರರು ಕೆಲಸ ಮಾಡುತ್ತಿರುವಾಗಲೇ ಇನ್ನೊಂದು ಸರ್ವರಿಗೆ ಸಾಗಿಸಬಹುದು. ಎಎಫ್‌ಎಸ್‌ನಲ್ಲಿ ಇದಕ್ಕೆ ‘ವಾಸ್ ಮೂವ್’ ಎಂಬ ಒಂದು ಕಮಾಂಡ್ ಸಾಕು. ಕಡತಗಳ ಗುಂಪಿಗೆ ವಾಲ್ಯೂಮ್ ಎಂದು ಹೆಸರು. ವಾಲ್ಯೂಮ್ ಯಾವ ಯಂತ್ರದಲ್ಲಿದೆ ಎಂಬ ವಿವರ ಬೇರೆಯೇ ಡೇಟಾಬೇಸಿನಲ್ಲಿ ಇರುವುದರಿಂದ ಕಡತದ ವಿಳಾಸ ಬದಲಾಗುವುದಿಲ್ಲ.

6. ಎಷ್ಟು ತಿದ್ದಿದರೂ ಓದುಗರಿಗೆ ಹಳೆಯದೇ ಕಾಣುತ್ತಿದೆಯೇ? ಎಎಫ್‌ಎಸ್ ಕಲಿಯಲು ಹೊರಟವರು ಮೊದಲು ಎಡವುವುದು ಇಲ್ಲಿಯೇ. ಓದಲಷ್ಟೇ ಇರುವ ಪ್ರತಿಗಳನ್ನು ಮಾಡಿಟ್ಟ ವಾಲ್ಯೂಮಿನಲ್ಲಿ ಮೂಲವನ್ನು ತಿದ್ದಿದರೆ ಸಾಲದು, ‘ವಾಸ್ ರಿಲೀಸ್’ ಕೊಡಬೇಕು. ಅಲ್ಲಿಯವರೆಗೆ ಓದುವವರಿಗೆ ಹಿಂದಿನ ಆವೃತ್ತಿಯೇ ಸಿಗುತ್ತದೆ. ಅರೆಬರೆ ತಿದ್ದಿದ್ದು ಯಾರ ಕಣ್ಣಿಗೂ ಬೀಳಬಾರದೆಂದೇ ಹೀಗೆ ಮಾಡಿದ್ದಾರೆ.

7. ಎಎಫ್‌ಎಸ್‌ನಲ್ಲಿ ಅನುಮತಿಗಳು ಏಳು: ಓದುವುದು, ಬರೆಯುವುದು, ಪಟ್ಟಿ ನೋಡುವುದು, ಹೊಸದು ಸೇರಿಸುವುದು, ಅಳಿಸುವುದು, ಬೀಗ ಹಾಕುವುದು, ಅನುಮತಿಗಳನ್ನೇ ಬದಲಿಸುವುದು. ಇವು ಒಂದೊಂದು ಕಡತಕ್ಕಲ್ಲ, ಇಡೀ ಫೋಲ್ಡರಿಗೆ ಅನ್ವಯ. ನೋಡಲು ‘ಎಫ್‌ಎಸ್ ಲಿಸ್ಟ್‌ಎಸಿಎಲ್’, ಬದಲಿಸಲು ‘ಎಫ್‌ಎಸ್ ಸೆಟ್‌ಎಸಿಎಲ್’. ಪಟ್ಟಿ ನೋಡುವ ಮತ್ತು ಸೇರಿಸುವ ಹಕ್ಕುಗಳನ್ನು ಮಾತ್ರ ಕೊಟ್ಟು ಓದುವ ಹಕ್ಕನ್ನು ತಡೆದರೆ, ವಿದ್ಯಾರ್ಥಿಗಳು ಉತ್ತರಗಳನ್ನು ಹಾಕಿ ಹೋಗಬಹುದು, ಇನ್ನೊಬ್ಬರದನ್ನು ಇಣುಕಲಾಗದು.

8. ಲಿನಕ್ಸ್ ಬಲ್ಲವರು ಎಎಫ್‌ಎಸ್‌ಗೆ ಬಂದ ಕೂಡಲೇ ‘ಸಿಎಚ್‌ಮಾಡ್’ ಕೊಟ್ಟು ಗುಂಪಿನವರನ್ನೂ ಇತರರನ್ನೂ ತಡೆದೆವೆಂದು ನೆಮ್ಮದಿಯಾಗಿರುತ್ತಾರೆ. ಆ ಎರಡು ಬಗೆಯ ಅನುಮತಿಗಳನ್ನು ಎಎಫ್‌ಎಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಫೋಲ್ಡರಿನ ಪಟ್ಟಿಯಲ್ಲಿ ಬಾಗಿಲು ತೆರೆದಿದ್ದರೆ ಕಡತವೂ ತೆರೆದೇ ಇರುತ್ತದೆ.

9. ರಾತ್ರಿಯಿಡೀ ಓಡಬೇಕಿದ್ದ ಪ್ರೋಗ್ರಾಮು ನಡುರಾತ್ರಿ ‘ಅನುಮತಿ ಇಲ್ಲ’ ಎಂದು ನಿಂತಿತೇ? ಮೊದಲು ಕೊಡಬೇಕಾದ ಕಮಾಂಡ್ ‘ಟೋಕನ್ಸ್’. ಎಎಫ್‌ಎಸ್ ಗುರುತಿನ ಚೀಟಿಗೆ ಅವಧಿ ಇರುತ್ತದೆ, ಅದು ಮುಗಿದರೆ ಕಡತದ ಒಡೆಯರೂ ಅಪರಿಚಿತರೇ. ಕೆರ್ಬರೋಸ್ ಮೂಲಕ ಚೀಟಿ ಹೊಸದು ಮಾಡಿಕೊಂಡರೆ ಕೆಲಸ ಮುಂದುವರಿಯುತ್ತದೆ.

10. ಸತ್ಯನಾರಾಯಣನ್ 1987ರಲ್ಲಿ ಕೋಡಾ ಎಂಬ ಇನ್ನೊಂದು ವ್ಯವಸ್ಥೆ ಶುರು ಮಾಡಿದರು. ನೆಟ್‌ವರ್ಕ್ ಕಡಿದಾಗಲೂ ಕೆಲಸ ನಿಲ್ಲಬಾರದು ಎಂಬುದು ಅದರ ಆಸೆ. ಯಾವ ಕಡತಗಳನ್ನು ಮುಂಚೆಯೇ ಲ್ಯಾಪ್‌ಟಾಪಿಗೆ ತುಂಬಿಕೊಳ್ಳಬೇಕು ಎಂದು ‘ಹೋರ್ಡ್’ ಕಮಾಂಡಿನಲ್ಲಿ ಆದ್ಯತೆ ಕೊಟ್ಟು ಹೇಳಬಹುದಿತ್ತು. ಸಂಪರ್ಕ ಮರಳಿದಾಗ ಬದಲಾವಣೆಗಳು ಸರ್ವರಿಗೆ ಸೇರುತ್ತಿದ್ದವು. ಬಸ್ಸಿನಲ್ಲಿ ಕುಳಿತು ಬರೆದದ್ದು ಮನೆ ಸೇರಿದ ಮೇಲೆ ತಾನಾಗಿ ಸಿಂಕ್ ಆಗುವ ಇಂದಿನ ಸೌಕರ್ಯವನ್ನು ಅಷ್ಟು ಹಿಂದೆಯೇ ಯೋಚಿಸಿದವರು ಅವರು.

ಹಡೂಪ್ ಲೋಕ

11. ಗೂಗಲ್ ತನ್ನ ಫೈಲ್ ಸಿಸ್ಟಮ್ ಬಗ್ಗೆ 2003ರಲ್ಲಿ ಪ್ರಬಂಧ ಪ್ರಕಟಿಸಿತು. ಅದನ್ನು ಓದಿ ಡಗ್ ಕಟಿಂಗ್ ಮತ್ತು ಮೈಕ್ ಕಾಫರೆಲ್ಲಾ ಕಟ್ಟಿದ ಮುಕ್ತ ತಂತ್ರಾಂಶವೇ 2006ರಲ್ಲಿ ಹಡೂಪ್ ಆಯಿತು. ಅದರ ಕಡತ ವ್ಯವಸ್ಥೆ ಎಚ್‌ಡಿಎಫ್‌ಎಸ್. ಬೆಂಗಳೂರಿನ ಹೆಬ್ಬಾಳ ಮತ್ತು ಹರಿಯಾಣದ ಮಾನೇಸರದಲ್ಲಿ ಡೇಟಾ ಸೆಂಟರ್‌ಗಳಿರುವ ಆಧಾರ್ ಯೋಜನೆಯೂ ಹಡೂಪ್ ತಂತ್ರಜ್ಞಾನವನ್ನು ಬಳಸಿಕೊಂಡಿದೆ.

12. ಎಚ್‌ಡಿಎಫ್‌ಎಸ್ ದೊಡ್ಡ ಕಡತವನ್ನು 128 ಎಂಬಿಯ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೆ ಮೂರು ಪ್ರತಿ ಮಾಡಿ ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ. ಯಾವ ತುಂಡು ಎಲ್ಲಿದೆ ಎಂಬ ಲೆಕ್ಕ ನೇಮ್‌ನೋಡ್ ಎಂಬ ಯಂತ್ರದ ಬಳಿ ಇರುತ್ತದೆ. ಆದರೆ ಕಡತದ ದತ್ತಾಂಶ ನೇಮ್‌ನೋಡ್ ಮೂಲಕ ಹಾಯುವುದೇ ಇಲ್ಲ. ಅದು ವಿಳಾಸ ಹೇಳಿ ಸುಮ್ಮನಾಗುತ್ತದೆ, ಸಾಗಣೆಯೆಲ್ಲ ನೇರವಾಗಿ ತುಂಡುಗಳನ್ನು ಇಟ್ಟುಕೊಂಡಿರುವ ಡೇಟಾನೋಡ್‌ಗಳ ಜೊತೆ.

13. 2015ರ ಡಿಸೆಂಬರ್ 2ರಂದು ಚೆನ್ನೈಯ ಓದುಗರಿಗೆ ‘ದಿ ಹಿಂದೂ’ ಸಿಗಲಿಲ್ಲ. ಪ್ರವಾಹದಿಂದಾಗಿ ನೌಕರರಿಗೆ ಮರೈಮಲೈ ನಗರದ ಮುದ್ರಣಾಲಯಕ್ಕೆ ತಲುಪಲಾಗಲಿಲ್ಲ. 1878ರಲ್ಲಿ ಆರಂಭವಾದ ಪತ್ರಿಕೆಗೆ ಹೀಗಾದದ್ದು ಅದೇ ಮೊದಲು. ಎಲ್ಲವೂ ಒಂದೇ ಜಾಗದಲ್ಲಿದ್ದರೆ ಆಗುವ ಅಪಾಯ ಇದು. ಎಚ್‌ಡಿಎಫ್‌ಎಸ್ ಮೂರು ಪ್ರತಿಗಳನ್ನು ಒಂದೇ ರ್‍ಯಾಕಿನಲ್ಲಿ ಇಡದಿರುವುದೂ ಇದೇ ಕಾರಣಕ್ಕೆ (ಸರ್ವರ್‌ಗಳನ್ನು ಜೋಡಿಸಿಡುವ ಕಪಾಟೇ ರ್‍ಯಾಕ್). ಮೊದಲನೆಯದು ಬರೆಯುತ್ತಿರುವ ಯಂತ್ರದಲ್ಲಿ, ಎರಡನೆಯದು ಬೇರೆ ರ್‍ಯಾಕಿನಲ್ಲಿ, ಮೂರನೆಯದು ಆ ಎರಡನೇ ರ್‍ಯಾಕಿನದೇ ಇನ್ನೊಂದು ಯಂತ್ರದಲ್ಲಿ. ಆದರೆ ಯಾವ ಯಂತ್ರ ಯಾವ ರ್‍ಯಾಕಿನಲ್ಲಿದೆ ಎಂದು ಅಡ್ಮಿನ್ ಹೇಳಿಕೊಡದಿದ್ದರೆ ಹಡೂಪ್ ಎಲ್ಲವನ್ನೂ ಒಂದೇ ರ್‍ಯಾಕ್ ಎಂದುಕೊಳ್ಳುತ್ತದೆ.

14. ಪ್ರತಿ ಡೇಟಾನೋಡ್ 3 ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಎಂದು ನೇಮ್‌ನೋಡ್‌ಗೆ ಸುದ್ದಿ ಕಳಿಸುತ್ತದೆ. ಸುದ್ದಿ ನಿಂತ ಕೂಡಲೇ ಅದು ಸತ್ತಿತೆಂದು ತೀರ್ಮಾನಿಸುವುದಿಲ್ಲ, 10 ನಿಮಿಷ 30 ಸೆಕೆಂಡು ಕಾಯುತ್ತದೆ. ಆಮೇಲಷ್ಟೇ ಅದರಲ್ಲಿದ್ದ ತುಂಡುಗಳಿಗೆ ಬೇರೆಡೆ ಹೊಸ ಪ್ರತಿಗಳು ಸಿದ್ಧವಾಗುತ್ತವೆ. ಯಾರು ಬದುಕಿದ್ದಾರೆ, ಯಾರು ಇಲ್ಲ ಎಂದು ತಿಳಿಯಲು ‘ಡಿಎಫ್‌ಎಸ್ಅಡ್ಮಿನ್ ರಿಪೋರ್ಟ್’ ಕೊಡಬೇಕು.

15. ಕ್ಲಸ್ಟರ್, ಅಂದರೆ ಯಂತ್ರಗಳ ಈ ಬಳಗ, ಎದ್ದ ತಕ್ಷಣ ಕಡತ ಬರೆಯಲು ಹೋದರೆ ‘ಸೇಫ್ ಮೋಡ್’ ಎಂದು ತಡೆಯುತ್ತದೆ. ಅದು ದೋಷವಲ್ಲ. ಶೇಕಡಾ 99.9ರಷ್ಟು ತುಂಡುಗಳು ಎಲ್ಲಿವೆ ಎಂಬ ವರದಿ ಬರುವವರೆಗೆ ನೇಮ್‌ನೋಡ್ ಬಾಗಿಲು ತೆರೆಯುವುದಿಲ್ಲ. ಬಲವಂತವಾಗಿ ಹೊರತರುವ ಕಮಾಂಡ್ ಇದೆ. ಅದನ್ನು ಕೊಡುವ ಮುನ್ನ ಯಾವ ಡೇಟಾನೋಡ್ ಇನ್ನೂ ಬಂದಿಲ್ಲ ಎಂದು ನೋಡುವವರೇ ಒಳ್ಳೆಯ ಅಡ್ಮಿನ್.

16. ಎಚ್‌ಡಿಎಫ್‌ಎಸ್‌ಗೆ ದೊಡ್ಡ ಕಡತಕ್ಕಿಂತ ಸಣ್ಣ ಕಡತಗಳೇ ಭಾರ! ಪ್ರತಿ ಕಡತ, ಪ್ರತಿ ತುಂಡಿನ ಲೆಕ್ಕಕ್ಕೂ ನೇಮ್‌ನೋಡ್‌ನ ನೆನಪಿನಲ್ಲಿ ಸುಮಾರು 150 ಬೈಟು ಬೇಕು. ಒಂದು ಕೋಟಿ ಸಣ್ಣ ಕಡತಗಳಿದ್ದರೆ, ಕಡತಕ್ಕೊಂದು ತುಂಡೆಂದು ಹಿಡಿದರೂ, ಲೆಕ್ಕಕ್ಕೇ ಸುಮಾರು 3 ಜಿಬಿ ಮೆಮೊರಿ ಹೋಗುತ್ತದೆ. ಡಿಸ್ಕ್ ಖಾಲಿಯಿದ್ದೂ ಕ್ಲಸ್ಟರ್ ಏದುಸಿರು ಬಿಡುವುದು ಹೀಗೆ.

17. ಹೆಸರು ಒಂದೇ, ಕೆಲಸ ಬೇರೆ. ಲಿನಕ್ಸಿನ ‘ಎಫ್‌ಎಸ್‌ಸಿಕೆ’ ಡಿಸ್ಕಿನ ದೋಷ ಹುಡುಕಿ ಸರಿಪಡಿಸುತ್ತದೆ. ಎಚ್‌ಡಿಎಫ್‌ಎಸ್‌ನ ‘ಎಫ್‌ಎಸ್‌ಸಿಕೆ’ ಏನನ್ನೂ ಸರಿಪಡಿಸುವುದಿಲ್ಲ, ವರದಿ ಕೊಡುತ್ತದೆ ಅಷ್ಟೆ. ಜೊತೆಗೆ ‘ಡಿಲೀಟ್’ ಎಂದು ಸೇರಿಸಿದರೆ ಹಾಳಾದ ಕಡತಗಳನ್ನು ಅಳಿಸಿಯೇ ಬಿಡುತ್ತದೆ. ದುರಸ್ತಿಯಾಗಲಿ ಎಂದು ಅದನ್ನು ಕೊಟ್ಟರೆ ದುರಸ್ತಿಗೆ ಏನೂ ಉಳಿಯುವುದಿಲ್ಲ.

18. ಯಂತ್ರದಲ್ಲಿ ‘ರೂಟ್’ ಆಗಿದ್ದರೆ ಎಲ್ಲ ಅಧಿಕಾರವೂ ಇದೆ ಎಂದುಕೊಳ್ಳಬೇಡಿ. ಎಚ್‌ಡಿಎಫ್‌ಎಸ್‌ನಲ್ಲಿ ಪರಮಾಧಿಕಾರ ನೇಮ್‌ನೋಡನ್ನು ಯಾರ ಹೆಸರಿನಲ್ಲಿ ಶುರು ಮಾಡಲಾಗಿದೆಯೋ ಅವರದು. ರೂಟ್ ಕೊಟ್ಟ ಕಮಾಂಡಿಗೆ ‘ಅನುಮತಿ ಇಲ್ಲ’ ಎಂಬ ಉತ್ತರ ಬರುವುದು ಇಲ್ಲಿ ಮಾಮೂಲು.

19. ತಂಡಕ್ಕೆ 1 ಟಿಬಿ ಜಾಗದ ಮಿತಿ ಹಾಕಿದಿರಿ. ಅವರು 400 ಜಿಬಿ ತುಂಬುವ ಮೊದಲೇ ‘ಮಿತಿ ಮೀರಿತು’ ಎಂಬ ದೂರು ಬಂತು. ಲೆಕ್ಕ ತಪ್ಪಿಲ್ಲ. ಸ್ಪೇಸ್ ಕೋಟಾ ಎಲ್ಲ ಪ್ರತಿಗಳನ್ನೂ ಎಣಿಸುತ್ತದೆ. ಮೂರು ಪ್ರತಿಯ ಕ್ಲಸ್ಟರಿನಲ್ಲಿ 1 ಜಿಬಿ ಕಡತ 3 ಜಿಬಿ ಕೋಟಾ ತಿನ್ನುತ್ತದೆ.

20. ಹಳೆಯ ಯಂತ್ರವನ್ನು ಕ್ಲಸ್ಟರಿನಿಂದ ಬಿಡಿಸಲು ವೈರು ಕೀಳಬೇಕಿಲ್ಲ. ಹೊರಗಿಡುವವರ ಪಟ್ಟಿಯಲ್ಲಿ ಅದರ ಹೆಸರು ಬರೆದು ‘ರಿಫ್ರೆಶ್‌ನೋಡ್ಸ್’ ಕೊಟ್ಟರೆ, ಅದರ ತುಂಡುಗಳೆಲ್ಲ ಬೇರೆ ಯಂತ್ರಗಳಿಗೆ ನಕಲಾಗುತ್ತವೆ. ‘ಡೀಕಮಿಷನ್ಡ್’ ಎಂದು ಬಂದ ಮೇಲೆ ಅದನ್ನು ಆರಿಸಬಹುದು. ಹೊಸ ಯಂತ್ರ ಸೇರಿಸಿದಾಗ ಮಾತ್ರ ಹಳೆಯ ಕಡತಗಳು ತಾವಾಗಿ ಅಲ್ಲಿಗೆ ಹೋಗುವುದಿಲ್ಲ. ಅದಕ್ಕೆ ‘ಬ್ಯಾಲೆನ್ಸರ್’ ಓಡಿಸಬೇಕು.

21. ಯಾರೂ ಮುಟ್ಟದ ಕಡತವೂ ಡಿಸ್ಕಿನಲ್ಲಿ ಮೆಲ್ಲನೆ ಕೆಡಬಹುದು. ಅದಕ್ಕಾಗಿ ಎಚ್‌ಡಿಎಫ್‌ಎಸ್ ಪ್ರತಿ 512 ಬೈಟಿಗೆ ಒಂದು ಪರಿಶೀಲನಾ ಸಂಖ್ಯೆ ಬರೆದಿಡುತ್ತದೆ. ಡೇಟಾನೋಡ್ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ತನ್ನ ತುಂಡುಗಳನ್ನೆಲ್ಲ ಓದಿ ತಾಳೆ ನೋಡುತ್ತದೆ. ಕೆಟ್ಟ ಪ್ರತಿ ಸಿಕ್ಕರೆ ಒಳ್ಳೆಯ ಪ್ರತಿಯಿಂದ ಇನ್ನೊಂದು ಮಾಡಿಸಿಕೊಂಡು ಕೆಟ್ಟದ್ದನ್ನು ತೆಗೆಯುತ್ತದೆ.

22. 2017ರ ಡಿಸೆಂಬರಿನಲ್ಲಿ ಬಂದ ಹಡೂಪ್ 3 ಇರೇಷರ್ ಕೋಡಿಂಗ್ ತಂದಿತು. ಆರು ಭಾಗ ದತ್ತಾಂಶಕ್ಕೆ ಮೂರು ಭಾಗ ಲೆಕ್ಕದ ತುಂಡು ಸೇರಿಸಿದರೆ, ಒಂಬತ್ತರಲ್ಲಿ ಯಾವ ಮೂರು ಹೋದರೂ ಕಡತ ಮರಳಿ ಸಿಗುತ್ತದೆ. ಮೂರು ಪ್ರತಿಗಳ ಪದ್ಧತಿಯಲ್ಲಿ ಜಾಗ ಮೂರು ಪಟ್ಟು, ಇಲ್ಲಿ ಒಂದೂವರೆ ಪಟ್ಟು. ಆದರೆ ಕಳೆದುಹೋದ ಭಾಗವನ್ನು ಮತ್ತೆ ಕಟ್ಟಲು ಹೆಚ್ಚು ಲೆಕ್ಕಾಚಾರ, ಹೆಚ್ಚು ನೆಟ್‌ವರ್ಕ್ ಬೇಕು. ಹಾಗಾಗಿ ಅಪರೂಪಕ್ಕೆ ತೆರೆಯುವ ಹಳೆಯ ದತ್ತಾಂಶಕ್ಕೆ ಇದು ಒಪ್ಪುತ್ತದೆ.

ತಮಿಳುನಾಡಿನ ತಲೆ, ಬೆಂಗಳೂರಿನ ಕೈ

23. ಚೆನ್ನೈಯ ತರಮಣಿಯಲ್ಲಿರುವ ಗಣಿತ ವಿಜ್ಞಾನಗಳ ಸಂಸ್ಥೆ 144 ಸಾಮಾನ್ಯ ಸರ್ವರ್‌ಗಳನ್ನು ಜೋಡಿಸಿ ಕಟ್ಟಿದ ಕಬ್ರು ಕ್ಲಸ್ಟರ್ 2004ರಲ್ಲಿ ಜಗತ್ತಿನ ಟಾಪ್ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿ ಸೇರಿತು. ಅದೇ ವರ್ಷದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದ ಅಮೆರಿಕದ ಥಂಡರ್ ಯಂತ್ರವನ್ನು ಕಟ್ಟಿದ ಕಂಪನಿಯ ತಾಂತ್ರಿಕ ಮುಖ್ಯಸ್ಥರು ಚಿದಂಬರಂನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಓದಿದ ಆನಂದ್ ಬಾಬು ಪೆರಿಯಸಾಮಿ.

24. ಮರುವರ್ಷ, 2005ರಲ್ಲಿ, ಪೆರಿಯಸಾಮಿ ಮತ್ತು ಹಿತೇಶ್ ಚೆಲ್ಲಾನಿ ಶುರು ಮಾಡಿದ ಕಂಪನಿಯಿಂದ ಗ್ಲಸ್ಟರ್ ಎಫ್‌ಎಸ್ ಬಂತು. ಕಚೇರಿ ಕ್ಯಾಲಿಫೋರ್ನಿಯಾದಲ್ಲಿ, ಎಂಜಿನಿಯರ್‌ಗಳ ತಂಡ ಬೆಂಗಳೂರಿನಲ್ಲಿ. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ನಮ್ಮ ಊರಿನ ಮೇಜುಗಳ ಮೇಲೆ ಬರೆದ ಕೋಡು ಜಗತ್ತಿನ ಡೇಟಾ ಸೆಂಟರ್‌ಗಳಲ್ಲಿ ಓಡಿತು ಎಂಬುದು ಹೆಮ್ಮೆಪಡಬೇಕಾದ ಸಂಗತಿ.

25. ಗ್ಲಸ್ಟರಿನಲ್ಲಿ ನೇಮ್‌ನೋಡ್‌ನಂಥ ಲೆಕ್ಕ ಇಡುವ ಯಂತ್ರವೇ ಇಲ್ಲ. ಕಡತದ ಹೆಸರಿಗೆ ಗಣಿತದ ಸೂತ್ರ ಹಾಕಿದರೆ ಅದು ಎಲ್ಲಿರಬೇಕು ಎಂಬ ಉತ್ತರ ಸಿಗುತ್ತದೆ. ಹೊಸ ಸರ್ವರನ್ನು ಬಳಗಕ್ಕೆ ಸೇರಿಸಲು ‘ಗ್ಲಸ್ಟರ್ ಪಿಯರ್ ಪ್ರೋಬ್’, ವಾಲ್ಯೂಮಿಗೆ ಜಾಗ ಕೂಡಿಸಲು ‘ಆ್ಯಡ್‌ ಬ್ರಿಕ್’, ಹಳೆಯ ಕಡತಗಳನ್ನು ಹೊಸ ಜಾಗಕ್ಕೂ ಹರಡಲು ‘ರೀಬ್ಯಾಲೆನ್ಸ್’.

26. ಎರಡೇ ಪ್ರತಿಯ ವಾಲ್ಯೂಮ್ ಮಾಡಹೊರಟರೆ ಗ್ಲಸ್ಟರ್ ‘ಇದು ಅಪಾಯ, ಮುಂದುವರಿಯಬೇಕೇ?’ ಎಂದು ಕೇಳುತ್ತದೆ. ನಡುವಿನ ಸಂಪರ್ಕ ಕಡಿದು ಎರಡೂ ಕಡೆ ಬೇರೆ ಬೇರೆ ತಿದ್ದುಪಡಿಯಾದರೆ ಯಾವುದು ನಿಜ ಎಂದು ಹೇಳಲು ಮೂರನೆಯವರಿಲ್ಲ. ಇದಕ್ಕೆ ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ. ಮೂರನೇ ಪೂರ್ತಿ ಪ್ರತಿಗೆ ಜಾಗವಿಲ್ಲದಿದ್ದರೆ, ಕಡತಗಳ ಹೆಸರು ಮತ್ತು ವಿವರಗಳನ್ನಷ್ಟೇ ಇಟ್ಟುಕೊಂಡು ತೀರ್ಪು ಹೇಳುವ ಆರ್ಬಿಟರ್ ಸಾಕು.

27. ಸೆಫ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಸರ್ವರನ್ನು ದುರಸ್ತಿಗೆ ಆರಿಸುವ ಮುನ್ನ ‘ನೋಔಟ್’ ಎಂಬ ಗುರುತು ಹಾಕುತ್ತಾರೆ. ಹಾಕದಿದ್ದರೆ ಸಾಮಾನ್ಯವಾಗಿ 10 ನಿಮಿಷದ ಬಳಿಕ ಸೆಫ್ ಡಿಸ್ಕ್ ಹೋಯಿತೆಂದು ಬಗೆದು ಎಲ್ಲವನ್ನೂ ಬೇರೆಡೆ ನಕಲು ಮಾಡತೊಡಗುತ್ತದೆ. ಕೆಲಸ ಮುಗಿದ ಮೇಲೆ ಗುರುತು ತೆಗೆಯುವುದನ್ನು ಮರೆತರೆ, ನಿಜವಾಗಿ ಡಿಸ್ಕ್ ಕೆಟ್ಟಾಗ ಸೆಫ್ ಕೈಕಟ್ಟಿ ಕೂರುತ್ತದೆ.

28. ಚೆನ್ನೈ ಕಡಲಡಿಯ ಕೇಬಲ್ಲುಗಳು ಬಂದಿಳಿಯುವ ಊರು. 2002ರಲ್ಲಿ ಶುರುವಾದ ಐ2ಐ ಕೇಬಲ್ 3,200 ಕಿಲೋಮೀಟರ್ ದೂರದ ಸಿಂಗಪುರವನ್ನು ಜೋಡಿಸಿತು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡಿದರೂ ಹೋಗಿ ಬರಲು 32 ಮಿಲಿಸೆಕೆಂಡು ಬೇಕು. ಪ್ರತಿ ಬರವಣಿಗೆಗೂ ಅಷ್ಟು ಕಾಯಲಾಗದು. ಅದಕ್ಕೇ ದೂರದ ಊರಿಗೆ ಪ್ರತಿ ಕಳಿಸುವ ಗ್ಲಸ್ಟರಿನ ಜಿಯೋ ರೆಪ್ಲಿಕೇಷನ್ ತುಸು ಹಿಂದೆ ಬಿದ್ದೇ ನಡೆಯುತ್ತದೆ. ಊರಿಗೆ ಊರೇ ಕತ್ತಲಾದರೆ ಕೊನೆಯ ಕೆಲವು ಬದಲಾವಣೆಗಳು ಆಚೆ ತಲುಪಿರಲಾರವು.

ಪ್ರತಿ ಬೇರೆ, ಬ್ಯಾಕಪ್ ಬೇರೆ

29. ಹತ್ತನೇ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಪ್ರತಿಗಳು ಊರೂರು ಸೇರಿದರೆ ಕಾವ್ಯ ಉಳಿಯುತ್ತದೆ ಎಂಬ ತಿಳಿವು ಕನ್ನಡಕ್ಕೆ ಅಷ್ಟು ಹಳೆಯದು. 1869ರಲ್ಲಿ ಸ್ಥಾಪನೆಯಾದ ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡ ಹಸ್ತಪ್ರತಿಗಳೂ ಇವೆ. ಓಲೆಯ ಪ್ರತಿಗಳಿಗೂ ಡಿಸ್ಕಿನ ಪ್ರತಿಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಒಂದು ಊರಿನ ಓಲೆ ಸುಟ್ಟರೆ ಬೇರೆ ಊರಿನದು ಸುಡುವುದಿಲ್ಲ. ಎಚ್‌ಡಿಎಫ್‌ಎಸ್‌ನಲ್ಲಿ ಒಂದು ‘ಆರ್‌ಎಂ’ ಕೊಟ್ಟರೆ ಮೂರೂ ಪ್ರತಿಗಳು ಒಟ್ಟಿಗೇ ಹೋಗುತ್ತವೆ.

30. ಅಳಿಸಿದ್ದು ಕಸದಬುಟ್ಟಿಯಲ್ಲಿ ಇರುತ್ತದೆ ಎಂಬ ಭರವಸೆ ಬೇಡ. ಮೂಲ ಹಡೂಪಿನಲ್ಲಿ ಕಸದಬುಟ್ಟಿ ಬಂದ್ ಆಗಿಯೇ ಬರುತ್ತದೆ, ಅಡ್ಮಿನ್ ಅದನ್ನು ತೆರೆದಿಡಬೇಕು. ತೆರೆದಿಟ್ಟರೂ ‘ಸ್ಕಿಪ್‌ಟ್ರ್ಯಾಶ್’ ಎಂದು ಸೇರಿಸಿದರೆ ಕಡತ ನೇರವಾಗಿ ಹೋಗುತ್ತದೆ. ಮುಖ್ಯ ಫೋಲ್ಡರುಗಳಿಗೆ ‘ಅಲೌಸ್ನ್ಯಾಪ್‌ಶಾಟ್’ ಕೊಟ್ಟು ಆಗಾಗ ಸ್ನ್ಯಾಪ್‌ಶಾಟ್ ತೆಗೆದಿದ್ದರೆ ಅಂದಿನ ಸ್ಥಿತಿ ಮರಳಿ ಸಿಗುತ್ತದೆ. ಎಎಫ್‌ಎಸ್‌ನಲ್ಲಿ ‘ವಾಸ್ ಬ್ಯಾಕಪ್’ ಇದೇ ಕೆಲಸ ಮಾಡುತ್ತದೆ. ರಾತ್ರಿ ಅದನ್ನು ಓಡಿಸಿ ನಿನ್ನೆಯ ಕಡತಗಳನ್ನು ಬಳಕೆದಾರರೇ ತೆಗೆದುಕೊಳ್ಳುವಂತೆ ಇಡುವ ವಾಡಿಕೆ ಹಲವು ಕ್ಯಾಂಪಸ್ಸುಗಳಲ್ಲಿತ್ತು. ಆದರೆ ಇವೆರಡೂ ಅದೇ ಯಂತ್ರಗಳ ಮೇಲೆಯೇ ಇರುತ್ತವೆ. ಹೊರಗೊಂದು ಪ್ರತಿ ಬೇಕೇ ಬೇಕು.

31. ಕೊನೆಯದಾಗಿ, ಎಲ್ಲ ವ್ಯವಸ್ಥೆಗಳಿಗೂ ಒಪ್ಪುವ ಕ್ರಮ ಒಂದಿದೆ. ಅಳಿಸುವ ಕಮಾಂಡಿಗೆ ಮುನ್ನ ಅದೇ ವಿಳಾಸಕ್ಕೆ ‘ಎಲ್‌ಎಸ್’ ಕೊಟ್ಟು ಪಟ್ಟಿ ಓದಿ. ಎಷ್ಟು ಕಡತಗಳಿವೆ ನೋಡಿ, ಎಚ್‌ಡಿಎಫ್‌ಎಸ್‌ನಲ್ಲಾದರೆ ಅದಕ್ಕೆ ‘ಕೌಂಟ್’ ಇದೆ. ಯಾವ ಕ್ಲಸ್ಟರಿಗೆ ಲಾಗಿನ್ ಆಗಿದ್ದೀರಿ ಎಂದು ಖಚಿತಪಡಿಸಿಕೊಳ್ಳಿ. ಕೆಟ್ಟ ಡಿಸ್ಕಿಗೆ, ಸತ್ತ ಸರ್ವರಿಗೆ, ಕಡಿದ ಕೇಬಲ್ಲಿಗೆ ಈ ತಂತ್ರಾಂಶಗಳು ಉತ್ತರ ಕಂಡುಕೊಂಡಿವೆ. ಅಧಿಕಾರವಿರುವ ಮನುಷ್ಯ ಕೊಟ್ಟ ತಪ್ಪು ಕಮಾಂಡನ್ನು ಮಾತ್ರ ಅವು ನಿಷ್ಠೆಯಿಂದ ಪಾಲಿಸುತ್ತವೆ. ನಿಮ್ಮ ಕಚೇರಿ, ಕಾಲೇಜು, ಗ್ರಂಥಾಲಯದ ಕಡತಗಳು ಇಂಥ ವ್ಯವಸ್ಥೆಯಲ್ಲಿದ್ದರೆ ಅಲ್ಲಿನ ಅಡ್ಮಿನ್‌ಗೆ ಒಂದು ಪ್ರಶ್ನೆ ಕೇಳಿ: ಬ್ಯಾಕಪ್‌ನಿಂದ ಒಂದು ಕಡತವನ್ನಾದರೂ ವಾಪಸ್ ತಂದು ತೆರೆದು ನೋಡಿದ್ದು ಕೊನೆಯ ಬಾರಿ ಯಾವಾಗ? ಉತ್ತರಕ್ಕೆ ತಡವರಿಸಿದರೆ ಬೈಯಬೇಡಿ, ಅದಕ್ಕೆ ಬೇಕಾದ ಸಮಯವನ್ನೂ ಡಿಸ್ಕನ್ನೂ ಅವರಿಗೆ ಈ ವಾರವೇ ಕೊಡಿಸಿ.